ರಿಮೋಟ್ ಸ್ಟಾರ್ಟ್ ಬಗ್ಗೆ ಆಟೋ ಎಲೆಕ್ಟ್ರಿಷಿಯನ್‌ ಹತ್ರ ಕೇಳಿ

ಸಾಗರ: ಸರ್, ನಮ್ಮದು ಕೀಲಿ ತಿರುಗಿಸುವ ಮ್ಯಾನುಯಲ್ ಡೀಸೆಲ್ ಕಾರು. ಹೋದ ವಾರ ಒಂದು ಅಂಗಡಿಯಲ್ಲಿ ರಿಮೋಟ್ ಸ್ಟಾರ್ಟ್ (ಒಳಗೆ ಕೂರದೆ ದೂರದಿಂದಲೇ ಎಂಜಿನ್ ಸ್ಟಾರ್ಟ್ ಮಾಡೋದು) ಹಾಕಿಸಿದ್ವಿ. ಮನೆ ಮುಂದೆ ಇಳಿಜಾರು, ಫಸ್ಟ್ ಗೇರಲ್ಲಿ ನಿಲ್ಲಿಸೋದು ರೂಢಿ. ನಿನ್ನೆ ರಿಮೋಟ್ ಒತ್ತಿದ್ರೆ ಕಾರು ಒಂದಡಿ ಮುಂದೆ ಜಿಗಿದು ನಿಂತಿತು. ಮೊದಲೆಲ್ಲ ಕ್ಲಚ್ ಒತ್ತದೆ ಸ್ಟಾರ್ಟೇ ಆಗ್ತಿರಲಿಲ್ಲ.

ಎಲೆಕ್ಟ್ರಿಷಿಯನ್: ಮೊದಲು ಹೋಗಿ ಆ ರಿಮೋಟ್ ಸ್ಟಾರ್ಟ್ ಪೆಟ್ಟಿಗೆಯ, ಅಂದ್ರೆ ಮಾಡ್ಯೂಲಿನ, ಫ್ಯೂಸ್ ಕಿತ್ತಿಡಿ. ಬ್ಯಾಟರಿ ಕಡೆಯಿಂದ ಬರುವ ದಪ್ಪ ವೈರಿನಲ್ಲಿರುತ್ತೆ. ಆಮೇಲೆ ಓದಿ.

ಕೀಲಿ ಹಿಡಿದ ಕೈ ಮಾಡುವ ಕೆಲಸವನ್ನೇ ಮಾಡ್ಯೂಲ್ ಮಾಡುತ್ತೆ. ಮೊದಲು ಇಗ್ನಿಷನ್ ಲೈನಿಗೆ 12 ವೋಲ್ಟ್ ಕೊಡುತ್ತೆ, ಡೀಸೆಲ್ ಆದ್ರೆ ಗ್ಲೋ ಪ್ಲಗ್ (ಎಂಜಿನ್ ಒಳಗೆ ಬಿಸಿ ಕೊಡುವ ಕಡ್ಡಿ) ಬಿಸಿಯಾಗುವಷ್ಟು ಹೊತ್ತು ತಡೆಯುತ್ತೆ. ಆಮೇಲೆ ಸ್ಟಾರ್ಟರ್ ಲೈನಿಗೆ ಕೊಟ್ಟು, ಎಂಜಿನ್ ಹತ್ತಿಕೊಂಡಿದ್ದು ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಷ್ಟು ಸುತ್ತು ಅನ್ನೋ ಲೆಕ್ಕ) ಕಂಡ ಕೂಡಲೇ ಬಿಡುತ್ತೆ. ಗೇರ್ ಎಲ್ಲಿದೆ ಅಂತ ಅದಕ್ಕೆ ಕಾಣೋದಿಲ್ಲ. ಕ್ಲಚ್ ಒತ್ತಿದಾಗ ಮಾತ್ರ ಸ್ಟಾರ್ಟ್ ಆಗೋಕೆ ಬಿಡುವ ಕ್ಲಚ್ ಸ್ವಿಚ್ ಇರೋದೇ ಗೇರಲ್ಲಿ ಸ್ಟಾರ್ಟ್ ಆಗೋ ತಪ್ಪು ತಡೆಯೋಕೆ. ನಿಮ್ಮ ಅಂಗಡಿಯವರು ಅದರ ಎರಡೂ ವೈರ್ ಕಾಯಂ ಸೇರಿಸಿಬಿಟ್ಟಿದ್ದಾರೆ ಅಂತ ನನ್ನ ಅನುಮಾನ.

ಲೆಕ್ಕ ನೋಡಿ. ಸ್ಟಾರ್ಟರ್ ಎಂಜಿನ್ನನ್ನ ಸುಮಾರು 200 ಆರ್‌ಪಿಎಂಗೆ ತಿರುಗಿಸುತ್ತೆ. ಫಸ್ಟ್ ಗೇರಲ್ಲಿ ಎಂಜಿನ್ ಸುಮಾರು 14 ಸುತ್ತು ತಿರುಗಿದ್ರೆ ಚಕ್ರ ಒಂದು ಸುತ್ತು. ಅಂದ್ರೆ ಎಂಜಿನ್ ಹತ್ತಿಕೊಳ್ಳುವ ಮೊದಲೇ ಕಾರು ಸೆಕೆಂಡಿಗೆ ಒಂದೂವರೆ ಅಡಿ ಹೋಗುತ್ತೆ. ಹತ್ತಿಕೊಂಡ್ರೆ ಗಂಟೆಗೆ 6 ಕಿ.ಮೀ. ದಾಟುತ್ತೆ, ಒಳಗೆ ಯಾರೂ ಇಲ್ಲ. ನಿನ್ನೆ ನಿಂತದ್ದು ಹ್ಯಾಂಡ್‌ಬ್ರೇಕ್ ಬಿಗಿಯಾಗಿದ್ದಕ್ಕೆ ಇರಬೇಕು. ಅಂಗಳದಲ್ಲಿ ಮಕ್ಕಳು ಆಡ್ತಾರೆ, ಅದಕ್ಕೇ ಇಷ್ಟು ಹೇಳ್ತಿದೀನಿ.

ಮ್ಯಾನುಯಲ್‌ಗೆ ಸರಿಯಾದ ದಾರಿ ರಿಸರ್ವೇಶನ್ ಮೋಡ್, ಅಂದ್ರೆ ಕಾರು ನ್ಯೂಟ್ರಲ್‌ನಲ್ಲಿದೆ ಅಂತ ಖಾತ್ರಿ ಆದ್ರೆ ಮಾತ್ರ ಮುಂದಿನ ರಿಮೋಟ್ ಸ್ಟಾರ್ಟಿಗೆ ಬಿಡೋದು. ಎಂಜಿನ್ ಓಡ್ತಿರುವಾಗಲೇ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಕ್ಲಚ್‌ನಿಂದ ಕಾಲು ತೆಗೆಯಬೇಕು. ಕೀಲಿ ತೆಗೆದ್ರೂ ಮಾಡ್ಯೂಲ್ ಎಂಜಿನ್ ಓಡಿಸ್ತಿರುತ್ತೆ. ನೀವು ಇಳಿದು, ಬಾಗಿಲು ಹಾಕಿ ಲಾಕ್ ಮಾಡಿದ ಮೇಲೆ ಅದೇ ಆಫ್ ಮಾಡುತ್ತೆ. ಕ್ಲಚ್ ಬಿಟ್ಟೂ ಎಂಜಿನ್ ಓಡ್ತಿತ್ತು ಅಂದ್ರೆ ಗೇರ್ ಬಿದ್ದಿಲ್ಲ ಅನ್ನೋದಕ್ಕೆ ಅದೇ ಸಾಕ್ಷಿ. ಆಮೇಲೆ ಒಂದು ಬಾಗಿಲು ತೆರೆದ್ರೂ ಮೋಡ್ ರದ್ದಾಗಬೇಕು, ಯಾರಾದ್ರೂ ಒಳಗೆ ಹೋಗಿ ಗೇರ್ ಹಾಕಿರಬಹುದಲ್ಲ. ಬಾಗಿಲಿನ ಸ್ವಿಚ್ ವೈರ್ ಜೋಡಿಸದೆ ಬಿಟ್ಟಿದ್ರೆ ಇದಷ್ಟೂ ವ್ಯರ್ಥ. ಇಳಿಜಾರಲ್ಲಿ ಗೇರ್ ಹಾಕಲೇಬೇಕು ಅಂದ್ರೆ ರಿಮೋಟ್ ಬೇಡ.

ಹುಬ್ಬಳ್ಳಿ: ಸರ್, ಮ್ಯಾನುಯಲ್ ಗಾಡಿಗೆ ಹಾಕಬಹುದೇನ್ರೀ?

ಎಲೆಕ್ಟ್ರಿಷಿಯನ್: ಮೇಲೆ ಬರೆದಿದೀನಿ.

ತುಮಕೂರು: ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡ್ತಿದೆ: ಸ್ಪೇರ್ ಕೀಲಿಯ ಚಿಪ್ ತೆಗೆದು ಇಗ್ನಿಷನ್ ಹತ್ತಿರ ಟೇಪ್ ಸುತ್ತಿಟ್ರೆ ಇಮ್ಮೊಬಿಲೈಸರ್ (ಸರಿಯಾದ ಕೀಲಿ ಇಲ್ಲದೆ ಎಂಜಿನ್ ಓಡದಂತೆ ತಡೆಯೋದು) ಕಾಟ ಇರಲ್ಲ ಅಂತ. ಸುಲಭ ಅನ್ಸುತ್ತೆ?

ಎಲೆಕ್ಟ್ರಿಷಿಯನ್: ಕಳ್ಳನಿಗೆ ಸುಲಭ. ಇಗ್ನಿಷನ್ ಸುತ್ತ ಇರುವ ಆಂಟೆನಾ ಬಳೆ ಕೀಲಿಯ ಚಿಪ್ ಓದಿ, ಅದು ಸರಿ ಇದ್ರೆ ಮಾತ್ರ ಎಂಜಿನ್ ಓಡೋಕೆ ಬಿಡುತ್ತೆ. ಚಿಪ್ಪನ್ನ ಅಲ್ಲೇ ಅಂಟಿಸಿದ್ರೆ ಬೀಗ ಒಡೆದವನು ಯಾವನಾದ್ರೂ ಸ್ಟಾರ್ಟ್ ಮಾಡಬಹುದು. ಕಳುವಾದ್ರೆ ವಿಮೆಯವರು ಎರಡೂ ಕೀಲಿ ಕೇಳ್ತಾರೆ, ಏನು ಕೊಡ್ತೀರಿ? ರಿಮೋಟ್ ಸ್ಟಾರ್ಟ್ ನಡೆಯುವಾಗ ಮಾತ್ರ ಇಮ್ಮೊಬಿಲೈಸರ್ ದಾಟಿಸುವ ಬೈಪಾಸ್ ಮಾಡ್ಯೂಲ್ ಸಿಗುತ್ತೆ, ಅದನ್ನ ಹಾಕಿಸಿ.

ಮೈಸೂರು: ಸ್ಕೂಟರ್‌ಗೂ ಬರುತ್ತಾ ಸರ್?

ಹಾಸನ: ಅಂದಹಾಗೆ ರಸ್ತೆಯಲ್ಲಿ ನಿಂತ ಗಾಡಿಗೆ ಈ ರಿಮೋಟ್ ಸ್ಟಾರ್ಟ್ ಕಾನೂನಿಗೇ ವಿರುದ್ಧ. 1988ರ ಮೋಟಾರು ವಾಹನ ಕಾಯ್ದೆ, ಸೆಕ್ಷನ್ 126. ಸಾರ್ವಜನಿಕ ಜಾಗದಲ್ಲಿ ನಿಂತ ವಾಹನದ ಡ್ರೈವರ್ ಸೀಟಿನಲ್ಲಿ ಲೈಸೆನ್ಸ್ ಇರುವವರು ಇರಬೇಕು, ಇಲ್ಲಾಂದ್ರೆ ಎಂಜಿನ್ ನಿಲ್ಲಿಸಿ ಬ್ರೇಕ್ ಹಾಕಿರಬೇಕು.

ಮಂಗಳೂರು: ಅರ್ಧ ಓದಬೇಡಿ ಮಾರಾಯ್ರೆ. ವಾಹನ ತಾನಾಗಿ ಚಲಿಸದಂತೆ ಬೇರೆ ಕ್ರಮ ತಗೊಂಡಿದ್ರೂ ಆಗ್ತದೆ ಅಂತ ಅದರಲ್ಲೇ ಉಂಟು. ಆಟೋಮ್ಯಾಟಿಕ್ ಗಾಡಿಯ ಗೇರ್ ಪಾರ್ಕ್ (P) ನಲ್ಲಿದ್ರೆ ಅದು ಕ್ರಮ ಅಲ್ವಾ? ಕಾರು ಕಂಪನಿಗಳೇ ಮೊಬೈಲ್ ಆ್ಯಪ್‌ನಲ್ಲಿ ರಿಮೋಟ್ ಸ್ಟಾರ್ಟ್ ಕೊಡ್ತಾ ಇವೆ.

ಹಾಸನ: ಕಂಪನಿ ಕೊಟ್ಟ ಮಾತ್ರಕ್ಕೆ ಕಾನೂನು ಬದಲಾಗಲ್ಲ. ಮೇಲಿನ ಸಾಗರದ ಕೇಸ್ ಓದಿದ್ರಾ?

ಮಂಗಳೂರು: ಅದು ಮ್ಯಾನುಯಲ್! ನಾನು ಹೇಳ್ತಿರೋದು ಏನು, ನೀವು ಓದ್ತಿರೋದು ಏನು?

ಎಲೆಕ್ಟ್ರಿಷಿಯನ್: ಇಬ್ರೂ ವಕೀಲರನ್ನ ಕೇಳಿ. ಇಲ್ಲಿ ವೈರಿನ ಪ್ರಶ್ನೆ ಹಾಕಿ.

ಮಡಿಕೇರಿ: ಶೆಡ್ ಮನೆಗೆ ಅಂಟಿಕೊಂಡಿದೆ. ಚಳಿಗಾಲದಲ್ಲಿ ಶೆಟರ್ ಅರ್ಧ ಎತ್ತಿ ರಿಮೋಟ್ ಸ್ಟಾರ್ಟ್ ಮಾಡಿದ್ರೆ ಸಾಕು ಅಂತ ಫಾರ್ವರ್ಡ್ ಬಂದಿತ್ತು.

ಎಲೆಕ್ಟ್ರಿಷಿಯನ್: ಸಾಲದು! ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಶೆಡ್ಡಿನಿಂದ ಮನೆಯೊಳಗಿನ ಬಾಗಿಲ ಸಂದಿಯಲ್ಲಿ ನುಗ್ಗುತ್ತೆ, ಮಲಗಿದವರಿಗೆ ಗೊತ್ತೇ ಆಗಲ್ಲ. ಕಾರು ಹೊರಗೆ ತಂದು ಸ್ಟಾರ್ಟ್ ಮಾಡಿ. ಇಂಥ ಫಾರ್ವರ್ಡ್ ಕಳಿಸಿದವರಿಗೆ ವಾಪಸ್ ಇದನ್ನ ಕಳಿಸಿ.

ದಾವಣಗೆರೆ: ಇದು ಹಾಕಿಸಿದ ಮೇಲೆ ಹತ್ತು ದಿನ ಊರಿಗೆ ಹೋಗಿ ಬಂದ್ರೆ ಬ್ಯಾಟರಿ ಡೌನ್.

ಎಲೆಕ್ಟ್ರಿಷಿಯನ್: ಲಾಕ್ ಮಾಡಿ ಅರ್ಧ ಗಂಟೆ ಬಿಟ್ಟು ನೆಗೆಟಿವ್ ಕೇಬಲ್ಲಿಗೆ ಸೀರಿಸ್‌ನಲ್ಲಿ ಮಲ್ಟಿಮೀಟರ್ ಹಾಕಿ ಅಳೆಸಿ. ನಿಂತ ಗಾಡಿ ಎಳೆಯುವ ಕರೆಂಟ್ 50 ಮಿಲಿ ಆಂಪ್ ಒಳಗಿರಬೇಕು. 100 ಇದ್ರೆ ಹತ್ತು ದಿನಕ್ಕೆ 24 ಆಂಪ್ ಅವರ್ ಹೋಯ್ತು, 35 ಆಂಪ್ ಅವರ್ ಬ್ಯಾಟರಿಯಲ್ಲಿ ಇನ್ನೇನು ಉಳಿಯುತ್ತೆ?

ಸಾಗರ: ಫ್ಯೂಸ್ ತೆಗೆದೆ ಸರ್. ಕ್ಲಚ್ ಒತ್ತದೆ ಕೀಲಿ ತಿರುಗಿಸಿದೆ, ಸ್ಟಾರ್ಟರ್ ತಿರುಗ್ತು.

ಎಲೆಕ್ಟ್ರಿಷಿಯನ್: ನ್ಯೂಟ್ರಲ್‌ನಲ್ಲಿಟ್ಟು ತಾನೇ? ಹಾಗಾದ್ರೆ ಅನುಮಾನ ನಿಜ. ಕ್ಲಚ್ ಪೆಡಲಿನ ಮೇಲ್ಗಡೆ ಟಾರ್ಚ್ ಬಿಟ್ಟು ನೋಡಿ, ಸ್ವಿಚ್ ಕನೆಕ್ಟರಿನ ಹಿಂದೆ ಇನ್ಸುಲೇಷನ್ ಟೇಪ್ ಸುತ್ತಿದ ಜೋಡಣೆ ಕಾಣಬಹುದು. ನೀವೇ ಕತ್ತರಿಸಬೇಡಿ, ಫೋಟೋ ಹಾಕಿ.

ಹುಬ್ಬಳ್ಳಿ: ಎಷ್ಟಾಗತೈತ್ರಿ ಒಟ್ಟು ಖರ್ಚು?