ಪಾಪನಿವೇದನೆ ಮಾಡ್ಕೊಂಡ್ರೂ ಮನಸ್ಸಿಗೆ ಸಮಾಧಾನ ಇಲ್ಲ, ಯಾಕೆ?

ಕಾವೇರಿ_ದಂಡೆ:
ಎಲ್ರಿಗೂ ನಮಸ್ಕಾರ. ಜಮೀನು ಪಾಲಿನ ವಿಷ್ಯಕ್ಕೆ ಅಮ್ಮನ ಜೊತೆ ಜಗಳ ಆಡಿ ಎರಡು ವರ್ಷ ಊರಿಗೆ ಹೋಗ್ಲಿಲ್ಲ, ಅವ್ರು ಫೋನ್ ಮಾಡಿದ್ರೂ ಕಟ್ ಮಾಡ್ತಿದ್ದೆ, ಹೋದ ವರ್ಷ ತೀರ್ಕೊಂಡ್ರು. ನಾನು ತಲುಪೋಷ್ಟರಲ್ಲಿ ಪೆಟ್ಟಿಗೆ ಮುಚ್ಚೋಕೆ ನಿಂತಿದ್ರು. ಈ ತಪಸ್ಸು ಕಾಲದಲ್ಲಿ, ಅಂದ್ರೆ ಈಸ್ಟರ್‌ಗೆ ಮೊದಲಿನ ಉಪವಾಸದ ದಿನಗಳಲ್ಲಿ, ಚರ್ಚಲ್ಲಿ ಫಾದರ್ ಹತ್ರ ತಪ್ಪು ಹೇಳ್ಕೊಂಡು ಪಾಪನಿವೇದನೆ ಮಾಡ್ದೆ, ಅವ್ರು ದೇವರು ಕ್ಷಮಿಸಿದ್ದಾನೆ ಸಮಾಧಾನದಿಂದ ಹೋಗು ಅಂದ್ರು. ನಂಬಿಕೆ ಇಲ್ಲ ಅಂತಲ್ಲ, ಆದ್ರೆ ಕ್ಷಮಿಸ್ಬೇಕಾಗಿದ್ದ ಅಮ್ಮನೇ ಇಲ್ವಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರ ಆದ್ರೆ ಆಮೇಲೆ ನಿದ್ದೆ ಇಲ್ಲ. ಇನ್ನೊಂದು, ಯೇಸು ಕಲಿಸಿದ ಪ್ರಾರ್ಥನೆ ಪರಲೋಕ ಮಂತ್ರದಲ್ಲಿ ನಮಗೆ ತಪ್ಪು ಮಾಡಿದವರನ್ನ ನಾವು ಕ್ಷಮಿಸೋ ಹಾಗೆ ಅನ್ನೋ ಜಾಗ ಬಂದ್ರೆ ಬಾಯಿ ಕಟ್ಟುತ್ತೆ, ಯಾಕಂದ್ರೆ ಆ ಜಗಳಕ್ಕೆ ಕಾರಣ ಆದ ಅಣ್ಣನ ನಂಬರ್ ನಾನಿನ್ನೂ ಬ್ಲಾಕ್ ಮಾಡಿಟ್ಟಿದೀನಿ. ಮುಂದಿನ ತಿಂಗಳು ಚರ್ಚಲ್ಲಿ ಅಮ್ಮನ ವರ್ಷದ ಪೂಜೆ, ಅವನೇ ಇಡಿಸಿದ್ದಾನಂತೆ.

ಕರಾವಳಿಯವ:
ನಿಮ್ಮದು ಓದಿ ತುಂಬಾ ಹೊತ್ತು ಸುಮ್ಮನೆ ಕೂತೆ. ಬೈಬಲಿನ ಲೂಕನ ಸುವಾರ್ತೆ 15ನೇ ಅಧ್ಯಾಯದಲ್ಲಿ ಪಾಲು ತೆಗೊಂಡು ಮನೆ ಬಿಟ್ಟು ಹೋಗಿ ಎಲ್ಲ ಕಳಕೊಂಡ ಮಗನ ಕತೆ ಉಂಟಲ್ಲ, ಸಣ್ಣದಿರುವಾಗಿಂದ ಕೇಳಿದ್ದೇ, ಆದ್ರೆ ಒಂದು ವಿಷಯ ನನ್ನ ಕಣ್ಣಿಗೆ ಬಿದ್ದದ್ದು ಈಚೆಗೆ. ಹಂದಿ ಮೇಯಿಸುವಲ್ಲಿ ಇರುವಾಗ್ಲೇ ಅವ ಅಪ್ಪನಿಗೆ ಹೇಳ್ಲಿಕ್ಕೆ ಮಾತು ಜೋಡಿಸಿಕೊಳ್ತಾನೆ. ಪಾಪ ಮಾಡಿದ್ದೇನೆ, ಮಗ ಅನ್ನಿಸಿಕೊಳ್ಳುವ ಯೋಗ್ಯತೆ ಇಲ್ಲ, ಕೂಲಿಯಾಳಿನ ಹಾಗೆ ಇಟ್ಟುಕೋ ಅಂತ. ಊರಿಗೆ ಬಂದು ಮೊದಲಿನ ಎರಡು ಹೇಳ್ತಾನೆ. ಕೂಲಿಯ ಮಾತು ಬಾಯಿಗೆ ಬರುವ ಮೊದಲೇ ಅಪ್ಪ ಆಳುಗಳಿಗೆ ಅಂಗಿ ತನ್ನಿ, ಉಂಗುರ ತನ್ನಿ, ಕಾಲಿಗೆ ಜೋಡು ತನ್ನಿ ಅಂತ ಹೇಳಿ ಆಗಿದೆ. ನೀವು ಒಂದು ವರ್ಷದಿಂದ ನಿದ್ದೆ ಬಿಟ್ಟು ಆ ಕೂಲಿಯೇ ಮಾಡ್ತಾ ಇದ್ದೀರಿ ಅಂತ ನಂಗೆ ಕಾಣ್ತದೆ. ಅಮ್ಮನಿಗೆ ಹೇಳಬೇಕಾದ್ದನ್ನು ದೇವರ ಹತ್ರವೇ ಹೇಳಿ, ಅವರು ಈಗ ಇರುವುದು ಅವನ ಹತ್ರ ಅಂತಲ್ವಾ ನಾವು ನಂಬುದು.

ಧಾರವಾಡ_ಪೇಡೆ:
ನಾವು ಸಿಎಸ್‌ಐ ಅನ್ನೋ ಪ್ರೊಟೆಸ್ಟಂಟ್ ಸಭೆಯವ್ರು, ಫಾದರ್ ಹತ್ರ ಹೋಗಿ ಹೇಳೋ ಪದ್ಧತಿ ನಮ್ಮಲ್ಲಿ ಇಲ್ರಿ, ಆದ್ರ ನಿಮ್ಮ ಸಂಕಟ ತಿಳಿತದ. ನನಗ ಸಮಾಧಾನ ಕೊಟ್ಟಾಂವ ಯೇಸುವಿನ ಶಿಷ್ಯ ಪೇತ್ರ. ಯೇಸುನ್ನ ಹಿಡಕೊಂಡು ಹೋದ ರಾತ್ರಿ ಮಹಾಯಾಜಕನ ಅಂಗಳದಾಗ ಇದ್ದಲ ಬೆಂಕಿ ಕಾಸ್ಕೋತ ನಿಂತಾಗನ ಆ ಯೇಸು ಯಾರೋ ನಂಗೊತ್ತಿಲ್ಲ ಅಂದಾಂವ ಅವ. ಯೋಹಾನನ ಸುವಾರ್ತೆದ ಕೊನೀ ಅಧ್ಯಾಯ ಓದ್ರಿ, ಸತ್ತು ಎದ್ದು ಬಂದ ಯೇಸು ಸರೋವರದ ದಂಡಿ ಮ್ಯಾಲ ಇದ್ದಲ ಬೆಂಕಿ ಹಚ್ಚಿ ಮೀನ ಸುಟ್ಟು ಕಾಯ್ತಿರ್ತಾನ, ಗ್ರೀಕ್ ಮೂಲದಾಗ ಎರಡೂ ಕಡೆ ಬೆಂಕಿಗೆ ಅದೇ ಪದ ಐತಿ. ಯಾಕ ಹಂಗಂದಿ ಅಂತ ಒಂದ್ಸಲನೂ ಕೇಳಂಗಿಲ್ಲ. ಮೊದಲು ಊಟ, ಆಮ್ಯಾಲ ನನ್ನ ಪ್ರೀತಿಸ್ತೀಯೇನು ಅಂತ ಮೂರು ಸಲ. ಮೂರನೇ ಸಲ ಪೇತ್ರಗ ದುಃಖ ಆತು ಅಂತ ಬರದದ, ಅಂದ್ರ ಕ್ಷಮೆ ಸಿಕ್ಕ ಮ್ಯಾಲೂ ನೋವು ಇರ್ತದ್ರಿ, ಅದು ಇರೋದಕ್ಕ ಕ್ಷಮೆ ಸಿಕ್ಕಿಲ್ಲ ಅಂತ ತಿಳ್ಕೋಬ್ಯಾಡ್ರಿ.

ಸಂಜೆ_ಗಂಟೆ:
ಮೇಲಿನವರಿಬ್ರೂ ಚೆನ್ನಾಗಿ ಹೇಳಿದಾರೆ, ಆದ್ರೆ ಅಣ್ಣನ ವಿಷ್ಯ ಯಾರೂ ಮುಟ್ಲಿಲ್ಲ. ಕೇರಳದ ಸಿಸ್ಟರ್ ರಾಣಿ ಮರಿಯಾ ಮಧ್ಯಪ್ರದೇಶದಲ್ಲಿ ಬಡ ರೈತರ ಜೊತೆ ಕೆಲಸ ಮಾಡ್ತಿದ್ರು, 1995ರಲ್ಲಿ ಬಸ್ಸಲ್ಲಿ ಹೋಗ್ತಿದ್ದಾಗ ಅವ್ರನ್ನ ಚುಚ್ಚಿ ಕೊಂದ್ರು. ಅವ್ರ ತಂಗಿ, ಅವ್ರೂ ಸಿಸ್ಟರೇ, ಜೈಲಿಗೆ ಹೋಗಿ ಅದೇ ಕೊಲೆಗಾರನ ಕೈಗೆ ರಾಖಿ ಕಟ್ಟಿದ್ರು, ಬಿಡುಗಡೆ ಆದ್ಮೇಲೆ ಅವನು ಕೇರಳದ ಅವ್ರ ಮನೆಗೂ ಹೋಗಿ ಬಂದ. 2017ರಲ್ಲಿ ಇಂದೋರಲ್ಲಿ ರಾಣಿ ಮರಿಯಾ ಅವ್ರನ್ನ ಧನ್ಯರು (ಸಂತ ಪದವಿಗೆ ಮೊದಲಿನ ಹಂತ) ಅಂತ ಘೋಷಿಸಿದ್ರು. ಇದನ್ನ ಓದಿದ ಮೇಲೆ ನನ್ನ ಮನೆ ಜಗಳ ನನಗೇ ಸಣ್ಣದಾಗಿ ಕಾಣಿಸ್ತು. ಜಮೀನು ಕಾಗದ ಪತ್ರ ಸರಿಯಾಗಿ ಮಾಡಿಸ್ಕೊಳ್ಳಿ, ಕ್ಷಮಿಸೋದು ಅಂದ್ರೆ ಪಾಲು ಬಿಟ್ಟುಕೊಡೋದು ಅಂತಲ್ಲ. ಆದ್ರೆ ಮಾತು ಬಿಡ್ಬೇಡಿ.

ಕಾವೇರಿ_ದಂಡೆ:
ಎಲ್ಲಾನೂ ಎರಡೆರಡು ಸಲ ಓದ್ದೆ, ಕೂಲಿ ಅನ್ನೋ ಮಾತು ಓದಿದಾಗ ಅಳು ಬಂತು. ಅಣ್ಣನ ನಂಬರ್ ಅನ್‌ಬ್ಲಾಕ್ ಮಾಡಿ ಪೂಜೆ ಎಷ್ಟು ಗಂಟೆಗೆ ಅಂತಷ್ಟೇ ಮೆಸೇಜ್ ಹಾಕ್ದೆ, ಬೇರೇನೂ ಬರೆಯೋಕೆ ಆಗ್ಲಿಲ್ಲ. ಬೆಳಿಗ್ಗೆ ಆರೂವರೆಗೆ, ಹಿಂದಿನ ರಾತ್ರಿನೇ ಬಂದ್ಬಿಡು ಅಂತ ಬಂತು. ಬಸ್ ನೋಡ್ತಿದೀನಿ.