ಅಡುಗೆಮನೆ ಡ್ಯಾಡೋಗೆ (ಕಟ್ಟೆ ಮೇಲಿನ ಗೋಡೆಗೆ) 3 ಬಾಕ್ಸ್ ಟೈಲ್ಸ್ ಸಾಕಾ, 4 ಬೇಕಾ?

ಪ್ರಶ್ನೆ: ಸರ್, ನಮ್ಮದು ಎಲ್ ಆಕಾರದ ಅಡುಗೆ ಕಟ್ಟೆ. ಒಂದು ಗೋಡೆ 10 ಅಡಿ, ಇನ್ನೊಂದು ಆರೂವರೆ ಅಡಿ. ಗ್ರಾನೈಟ್ ಮೇಲಿಂದ 2 ಅಡಿ ಎತ್ತರಕ್ಕೆ ಟೈಲ್ಸ್ ಹಾಕಿಸಬೇಕು. ಉದ್ದದ ಗೋಡೆಯ ನಟ್ಟನಡುವೆ 4 ಅಡಿ ಅಗಲದ ಕಿಟಕಿ, ಕಟ್ಟೆಯಿಂದ 1 ಅಡಿ ಮೇಲಿಂದ ಶುರು. ಟೈಲ್ 300×600 ಮಿ.ಮೀ., ಬಾಕ್ಸಿಗೆ 5. ಅಂಗಡಿಯವರು ಕಿಟಕಿ ಕಳೆದು 29 ಚದರಡಿ, 3 ಬಾಕ್ಸ್ ಸಾಕು ಅಂತಾರೆ. ಮೇಸ್ತ್ರಿ 4 ತನ್ನಿ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ (ಟೈಲ್ಸ್ ಗುತ್ತಿಗೆದಾರ): ಮೇಸ್ತ್ರಿ ಮಾತು ಕೇಳಿ ಮೇಡಂ. ಬಾಕ್ಸಿಗೆ 9.7 ಚದರಡಿ ಹತ್ತಿರ ಬರುತ್ತದೆ, 3 ಬಾಕ್ಸಿಗೆ 29 ಚಿಲ್ಲರೆ. ಒಂದೂ ಒಡೆಯದೆ, ಒಂದು ತುಂಡೂ ದಂಡವಾಗದೆ ಇದ್ದರೆ ಮಾತ್ರ ಸಾಲುತ್ತದೆ. ಹಾಗೆ ಆಗುವುದಿಲ್ಲ.

ಸಾಲು ಹಿಡಿದು ಎಣಿಸಿ. 10 ಅಡಿ ಅಂದರೆ 3048 ಮಿ.ಮೀ. ಅಡ್ಡಕ್ಕೆ ಕೂರಿಸಿ, ನಡುವೆ 2 ಮಿ.ಮೀ. ಸ್ಪೇಸರ್ (ಸಂದು ಬಿಡಿಸುವ ಪ್ಲಾಸ್ಟಿಕ್ ತುಂಡು) ಇಟ್ಟರೆ 5 ಇಡೀ ಟೈಲ್ ಹಿಡಿದು ಕೊನೆಯಲ್ಲಿ 4 ಸೆಂ.ಮೀ.ಗೂ ಕಮ್ಮಿ ಪಟ್ಟಿ ಉಳಿಯುತ್ತದೆ. ಅಷ್ಟು ಸಣ್ಣ ಪಟ್ಟಿ ಕತ್ತರಿಸುವಾಗಲೇ ಮುರಿಯುತ್ತದೆ, ನೋಡಲೂ ಚೆನ್ನಾಗಿರಲ್ಲ. ಅದಕ್ಕೇ ನಡುವೆ 4 ಇಡೀ ಟೈಲ್, ಎರಡೂ ತುದಿಗೆ ಸುಮಾರು 319 ಮಿ.ಮೀ. ತುಂಡು. ಒಂದೇ ಟೈಲಿನಲ್ಲಿ ಎರಡು 319 ಬರುವುದಿಲ್ಲ, ಹಾಗಾಗಿ ಸಾಲಿಗೆ 6, ಎರಡು ಸಾಲಿಗೆ 12. ಮೇಲಿನ ಸಾಲಿನ ನಡುವಿನ ಎರಡು ಕಿಟಕಿ ಜಾಗಕ್ಕೆ ಹೋಗುತ್ತವೆ, ಉಳಿದದ್ದು 10.

ಆರೂವರೆ ಅಡಿ ಗೋಡೆಗೆ ಸಾಲಿಗೆ 3 ಇಡೀ ಟೈಲ್ ಮತ್ತು 175 ಮಿ.ಮೀ. ತುಂಡು. ಆ ತುಂಡನ್ನು ಮೊದಲ ಗೋಡೆಯಲ್ಲಿ ಮಿಕ್ಕ 280ರ ತುಂಡಿನಿಂದ ತೆಗೆಯಿರಿ. ಕತ್ತರಿಸಿದ ಅಂಚು ಮೂಲೆಯ ಕಡೆ ಇರಲಿ. ಅಲ್ಲಿಗೆ 6. ಒಟ್ಟು 16, ಅಂದರೆ 3 ಬಾಕ್ಸ್ ತಂದರೆ ಕೆಲಸ ಶುರುವಾಗುವ ಮೊದಲೇ ಒಂದು ಕಮ್ಮಿ! ಮಿಕ್ಕ ಇನ್ನೆರಡು ತುಂಡು ಕಿಟಕಿಯ ಅಕ್ಕಪಕ್ಕದ ಗೋಡೆದಪ್ಪಕ್ಕೆ ಆಗುತ್ತವೆ. ಕಿಟಕಿಯ ತಳದ ಹಾಸುಕಲ್ಲು ಗ್ರಾನೈಟ್ ಎಂದುಕೊಂಡು ಈ ಲೆಕ್ಕ.

4 ಬಾಕ್ಸಿನಲ್ಲಿ ನಾಲ್ಕು ಹೆಚ್ಚುವರಿ. ಸ್ವಿಚ್ ಬೋರ್ಡಿಗೆ ಟೈಲಿನ ಮೂಲೆ ಕತ್ತರಿಸುವಾಗ ಒಂದೆರಡು ಸೀಳುವುದು ಮಾಮೂಲಿ. ಮಿಕ್ಕದ್ದು ಅಟ್ಟದಲ್ಲಿರಲಿ, ಮುಂದೆ ನಲ್ಲಿ ಪೈಪಿಗೆ ಗೋಡೆ ಒಡೆದರೆ ಬೇಕಾಗುತ್ತದೆ.

ಪ್ರಶ್ನೆ: ಈಗ 3 ತಂದು, ಕಮ್ಮಿ ಬಿದ್ದರೆ ಆಮೇಲೆ ಒಂದು ತರಬಾರದಾ?

ಉತ್ತರ (ಬೇರೊಂದು ಟೈಲ್ಸ್ ಅಂಗಡಿಯವರು): ಬೇಡ. ಬಾಕ್ಸಿನ ಮೇಲೆ ಶೇಡ್ ಮತ್ತು ಬ್ಯಾಚ್ ನಂಬರ್ ಇರುತ್ತದೆ. ಡಿಸೈನ್ ಅದೇ ಆದರೂ ಬ್ಯಾಚ್ ಬದಲಾದರೆ ಬಣ್ಣ ಒಂದು ಛಾಯೆ ಆಚೀಚೆ, ಅಳತೆಯೂ ಅರ್ಧ–ಒಂದು ಮಿ.ಮೀ. ಏರುಪೇರು. ಅಕ್ಕಪಕ್ಕ ಕೂತಾಗ ಎದ್ದು ಕಾಣುತ್ತದೆ. ನಾಲ್ಕೂ ಬಾಕ್ಸಿನ ನಂಬರ್ ಅಂಗಡಿಯಲ್ಲೇ ಹೊಂದಿಸಿ ನೋಡಿ. ತೆರೆಯದ ಬಾಕ್ಸ್ ವಾಪಸ್ ತಗೊಳ್ತೀರಾ ಅಂತ ಕೇಳಿ ಬಿಲ್ ಮೇಲೇ ಬರೆಸಿಕೊಳ್ಳಿ.

ಪ್ರಶ್ನೆ: ಎರಡು ಸಾಲು ಹಾಕಿದರೆ ಸರಿಯಾಗಿ 2 ಅಡಿ ಬರುತ್ತದಲ್ಲವಾ? ಮೇಲೆ ಕಪಾಟು ಬರಬೇಕು.

ಉತ್ತರ (ಟೈಲ್ಸ್ ಗುತ್ತಿಗೆದಾರ): ಬರಲ್ಲ. ಎರಡು ಸಾಲು, ಒಂದು ಸಂದು ಸೇರಿ 602 ಮಿ.ಮೀ.; 2 ಅಡಿ ಅಂದರೆ 610. ಕಪಾಟಿನ ತಳ 2 ಅಡಿಗೆ ಇಟ್ಟರೆ ಕೆಳಗೆ ಗೋಡೆ ಇಣುಕುತ್ತದೆ. ಇಂಟೀರಿಯರ್‌ನವರಿಗೆ ಇಪ್ಪತ್ಮೂರೂವರೆ ಇಂಚಿಗೆ ಕೂರಿಸಲು ಈಗಲೇ ಹೇಳಿ. ಗ್ರಾನೈಟ್ ಕೂರಿಸಿದ ಮೇಲೆಯೇ ಟೈಲ್ ಶುರು ಮಾಡಿ, ಮೊದಲು ರಸಮಟ್ಟ ಇಟ್ಟು ನೋಡಿ. ಕಟ್ಟೆ ಇಳಿಜಾರಿದ್ದರೆ ತಗ್ಗಾದ ಕಡೆ ಇಡೀ ಟೈಲ್ ಇಟ್ಟು, ಎತ್ತರದ ಕಡೆ ತಳ ಕತ್ತರಿಸಬೇಕು. ಗ್ರಾನೈಟಿಗೂ ಟೈಲಿಗೂ ನಡುವೆ 2–3 ಮಿ.ಮೀ. ಬಿಟ್ಟು ಸಿಲಿಕೋನ್ ತುಂಬಿಸಿ. ಸಿಮೆಂಟ್ ತುಂಬಿದರೆ ಬಿರುಕು ಬಿಟ್ಟು ಸಿಂಕಿನ ನೀರು ಒಳಗೆ ಇಳಿಯುತ್ತದೆ.

ಅಂಟು 20 ಕೆ.ಜಿ. ಚೀಲ ಒಂದು ಸಾಕು, 3 ಮಿ.ಮೀ. ದಪ್ಪಕ್ಕೆ 40–45 ಚದರಡಿ ಬರುತ್ತದೆ. ಅಂಟಿನಿಂದ ಕೂರಿಸುವಾಗ ಟೈಲನ್ನು ನೀರಲ್ಲಿ ನೆನೆಸಬೇಡಿ. ನೆನೆಸುವುದು ಸಿಮೆಂಟ್ ಪೇಸ್ಟಿನಲ್ಲಿ ಸಿರಾಮಿಕ್ ಹಾಕುವಾಗ. ಸಂದು ತುಂಬುವ ಗ್ರೌಟ್ 1 ಕೆ.ಜಿ. ಧಾರಾಳ. ಒಲೆ ಹಿಂದೆ ಎಪಾಕ್ಸಿ ಗ್ರೌಟ್ ಹಾಕಿಸಿ, ಒಗ್ಗರಣೆ ಎಣ್ಣೆ, ಅರಿಶಿನ ಸಿಡಿದರೂ ಕೂಡಲೇ ಒರೆಸಿದರೆ ಹೋಗುತ್ತದೆ.