ಪಾರ್, ಸ್ಟೆಲ್, ಕೊಪ್ಪಲ್: ಡಚ್ ಭಾಷೆಯಲ್ಲಿ ಜೋಡಿಗೆ ಏನನ್ನೋದು?

ಹಾಸನದವಳು, ನೆದರ್ಲೆಂಡ್ಸ್‌ನ ಐಂಡ್‌ಹೋವನ್: ಪಕ್ಕದ ಮನೆಯವರು ಜೊತೆಗಿದ್ದು 12½ ವರ್ಷವಾಯಿತು. ಇಲ್ಲಿ ಆ ಅರ್ಧಕ್ಕೂ ಹಬ್ಬ! ಮದುವೆ ಆಗಿಲ್ಲ. ಕಾರ್ಡಿನಲ್ಲಿ 'ಜೋಡಿ'ಗೆ ಯಾವ ಪದ ಬರೆಯಲಿ? ಶನಿವಾರ ಕೊಡಬೇಕು.

ಪ್ಯಾಂಟ್ ಪುರಾಣ: 'ಪಾರ್' ಸಹವಾಸ ಬೇಡಮ್ಮ. ಬಂದ ಹೊಸತರಲ್ಲಿ ಸಂತೆಗೆ ಹೋಗಿ, ಇಂಗ್ಲಿಷಿನ 'ಎ ಪೇರ್ ಆಫ್ ಪ್ಯಾಂಟ್ಸ್' ಲೆಕ್ಕದಲ್ಲಿ 'ಎನ್ ಪಾರ್ ಬ್ರೂಕನ್' ಅಂದೆ. ಬೇಕಿದ್ದದ್ದು ಒಂದೇ ಪ್ಯಾಂಟ್. ಡಚ್ಚರಿಗೆ ಶೂ, ಕಾಲುಚೀಲ ಜೋಡಿ. ಪ್ಯಾಂಟ್, ಕತ್ತರಿ, ಕನ್ನಡಕ ಒಂಟಿ. ಹಾಗಾಗಿ ನಾನಂದದ್ದು 'ಒಂದೆರಡು ಪ್ಯಾಂಟ್ ಕೊಡಿ' ಅಂತಾಯಿತು. ಅವನು ಮೂರು ಮಡಚಿ ಚೀಲಕ್ಕೆ ಹಾಕಿಯೇಬಿಟ್ಟ. ಒಂದಕ್ಕೆ 17.50, ಒಟ್ಟು 52.50 ಯೂರೋ. ಬೇಡ ಅನ್ನಲು ಡಚ್ ಬರಲಿಲ್ಲ. ಒಂದಂತೂ ಇವತ್ತಿಗೂ ಸೊಂಟಕ್ಕೆ ಏರಿಲ್ಲ.

ಗೆಂಟ್ ಗೌಡ: ಸುಮ್ನೆ 'ಕೊಪ್ಪಲ್' ಅನ್ನಿ. ಬೆಲ್ಜಿಯಂನಲ್ಲಿ ಒಂಬತ್ತು ವರ್ಷದಿಂದ ನಾನೂ ನನ್ನವಳೂ ಕೊಪ್ಪಲ್ಲೇ. ನಮ್ಮೂರ ಹೆಸರಲ್ಲೂ ಕೊಪ್ಪಲು ಇದೆ, ನೆನಪಿಡೋದು ಸುಲಭ.

ಆಮ್ಸ್ಟೆಲ್ವೇನ್ ಅಕ್ಕ: ಅದು ನಿಮ್ಮ ಕಡೆ ಮಾತು. ಇಲ್ಲಿ ಜಾಸ್ತಿ ಕೇಳೋದು 'ಸ್ಟೆಲ್'. ನಾನು ಮನೆ ಮಾಲೀಕರಿಗೆ 'ಎಖ್ಟ್‌ಪಾರ್' ಅಂತ ಬರೆದಿದ್ದೆ. 'ಎಖ್ಟ್' ಅಂದರೆ ನಿಜವಾದ, ಅಂದರೆ ನಿಜವಾದ ಜೋಡಿ ಅಂದುಕೊಂಡಿದ್ದೆ. ಅಲ್ಲ, ಇಲ್ಲಿ ಅದು ಮದುವೆ. ಅವರಿಬ್ಬರೂ ಮದುವೆಯಾಗಿರಲಿಲ್ಲ, ಅದರ ಬದಲು ಜೊತೆಬಾಳ್ವೆಯ ಪಾಲುದಾರಿಕೆ ನೋಂದಾಯಿಸಿದ್ದರು. 1998ರಿಂದ ಆ ಕಾನೂನು ಇದೆ. ಆಕೆ ನಕ್ಕರು, ಆತ ನಗಲಿಲ್ಲ. ಡಚ್ ಬರವಣಿಗೆ ಪರೀಕ್ಷೆಯಲ್ಲೂ ಇಂಥವೇ ತಪ್ಪು. ಮೂರು ಸಲ ಕಟ್ಟಿದೆ, ಸಲಕ್ಕೆ 50 ಯೂರೋ. ಮೂರನೇ ಸಲ ರೈಲು ತಡವಾಗಿ, ಬೆವರು ಒರೆಸುತ್ತಾ ಕೂತು ಬರೆದೆ.

ಗೆಂಟ್ ಗೌಡ: ಪರೀಕ್ಷೆ ಫೇಲಾದವರು ನಮಗೆ ಪಾಠ ಹೇಳ್ತಾರೆ!

ಆಮ್ಸ್ಟೆಲ್ವೇನ್ ಅಕ್ಕ: ಮೂರನೇದು ಪಾಸಾಯಿತು ಗೌಡ್ರೇ. ನನ್ನ ಕ್ಲಾಸಿನ ದುಡ್ಡು ನಾನೇ ಕಟ್ಟಿದ್ದು. ನಿಮ್ಮ ಹಾಗೆ ಕಂಪನಿ ಕಟ್ಟಲಿಲ್ಲ.

ಗೆಂಟ್ ಗೌಡ: ಕಂಪನಿ ಕಟ್ಟಿತು ಅಂತ ಯಾರು ಹೇಳಿದ್ದು? ಸಂಜೆ ಏಳಕ್ಕೆ ಕ್ಲಾಸು, ಚಳಿಯಲ್ಲಿ ಸೈಕಲ್, ಎರಡು ಚಳಿಗಾಲ. ನಿಮ್ಮ 'ಸ್ಟೆಲ್'ಗೆ ಬಾಲ ಸೇರಿಸಿ 'ಸ್ಟೆಲ್ಲೆಚೆ' ಮಾಡಿದರೆ ಬೈಗುಳವೂ ಆಗುತ್ತೆ. 'ಸ್ಟೆಲ್ಲೆಚೆ ಇಡಿಯೋಟನ್', ಅಂದರೆ ಮೂರ್ಖರ ಗುಂಪು, ಕೇಳಿಲ್ವಾ?

ಆಮ್ಸ್ಟೆಲ್ವೇನ್ ಅಕ್ಕ: ಕೇಳಿದ್ದೀನಿ. ಈಗ ಓದುತ್ತಲೂ ಇದ್ದೀನಿ.

ಪ್ಯಾಂಟ್ ಪುರಾಣ: ಇಬ್ಬರೂ ಬಿಡಿ. ಎರಡು ಜೋಡಿ ಶೂ ಬೇಕಾದರೆ 'ಟ್ವೇ ಪಾರ್' ಅನ್ನಿ, ಪಾರ್‌ಗೆ ಬಹುವಚನ ಹಚ್ಚಬೇಡಿ. ನಾವು 'ಎರಡು ಜೋಡಿಗಳು ಚಪ್ಪಲಿ' ಅಂತೀವಾ? ಇಲ್ಲ ಅಲ್ವಾ.

ಹಾಸನದವಳು: ಅಣ್ಣಾ, ಅಕ್ಕಾ, ಕಾರ್ಡು...

ಪ್ಯಾಂಟ್ ಪುರಾಣ: ಅಂದಹಾಗೆ, 36 ಸೊಂಟದ ಪ್ಯಾಂಟ್ ಯಾರಿಗಾದರೂ ಬೇಕಾ? ಹೊಸದು. 10 ಯೂರೋ ಕೊಟ್ಟರೆ ಸಾಕು.